ಹವಾಲ್ದಾರರ ನಿಮಿಷಗಳು

ಸವದತ್ತಿಯ ಪಂದ್ಯದ ಅಂಕಪಟ್ಟಿಯ ಕಾರ್ಬನ್ ಪ್ರತಿ ಇನ್ನೂ ನನ್ನ ಹತ್ತಿರ ಇದೆ. ಆ ವರ್ಷದ ದಿನಚರಿಯ ನಡುವೆ ನಾಲ್ಕಾಗಿ ಮಡಿಸಿ ಇಟ್ಟದ್ದು. ಮಡಿಕೆ ಬಿದ್ದಲ್ಲಿ ನೀಲಿ ಅಳಿಸಿಹೋಗಿದೆ, ಆದರೂ ಅಂಕಿಗಳನ್ನು ಓದಬಹುದು. ನೆನಪಿನ ಮೇಲೆ ನನಗೆ ಭರವಸೆ ಕಡಿಮೆ. ದಿನಚರಿಯ ಮೇಲೂ ಪೂರ್ತಿ ಇಲ್ಲ, ಯಾಕೆಂದರೆ ಅದನ್ನು ಬರೆದವನೂ ನಾನೇ, ಅದೂ ಇಪ್ಪತ್ತಾರರ ವಯಸ್ಸಿನಲ್ಲಿ, ಒಬ್ಬ ಮನುಷ್ಯನ ಮೇಲೆ ಸಿಟ್ಟು ಇಟ್ಟುಕೊಂಡು. ಈ ಹಾಳೆಯನ್ನು ಮಾತ್ರ ನಂಬುತ್ತೇನೆ. ಇದನ್ನು ಬರೆಯುವಾಗ ವಿಚಾರ ಮಾಡಲು ವೇಳೆಯೇ ಇರಲಿಲ್ಲ. ಚೆಂಡು ಬುಟ್ಟಿಗೆ ಬಿದ್ದ ಹಾಗೆಲ್ಲ ಅಂಕಿ ಹಾಕುತ್ತ ಹೋಗುವುದಷ್ಟೇ ಕೆಲಸ.

ಎಪ್ಪತ್ತರ ದಶಕದ ನಡುವೆ ನಾನು ಬೈಲಹೊಂಗಲದ ಒಂದು ಹತ್ತಿ ಗಿರಣಿಯಲ್ಲಿ ಕಾರಕೂನನಾಗಿದ್ದೆ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಎರಡು ವರ್ಷ ಮುರಗೋಡದ ಮನೆಯಲ್ಲಿ ಅರ್ಜಿ ಬರೆಯುತ್ತ ಕೂತವನಿಗೆ ಅದೇ ದೊಡ್ಡ ನೌಕರಿ. ನಮ್ಮದು ಪುರಾಣ ಹೇಳುವ, ಪಂಚಾಂಗ ನೋಡುವ ಮನೆತನ. ಮಗ ಹತ್ತಿಯ ಧೂಳಿನಲ್ಲಿ ಕೂತದ್ದು ತಂದೆಗೆ ಹಿಡಿಸಿರಲಿಲ್ಲ. ಯಾರಾದರೂ ಕೇಳಿದರೆ "ಬೈಲಹೊಂಗಲದಾಗ ಇರತಾನ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರಂತೆ.

ಗಿರಣಿಗೆ ಒಂದು ಬಾಸ್ಕೆಟ್‌ಬಾಲ್ ತಂಡ ಇತ್ತು. ಮಾಲೀಕರ ತಮ್ಮ, ನಾವೆಲ್ಲ ಸಣ್ಣ ಸಾಹುಕಾರರು ಎನ್ನುತ್ತಿದ್ದವರು, ಪುಣೆಯಲ್ಲಿ ಓದುವಾಗ ಈ ಆಟದ ಹುಚ್ಚು ಹಚ್ಚಿಕೊಂಡು ಬಂದಿದ್ದರು. ಗಿರಣಿಯ ಹಿಂದೆ ಹತ್ತಿ ಒಣಹಾಕುವ ಸಿಮೆಂಟಿನ ಅಂಗಳದ ಎರಡೂ ತುದಿಗೆ ಕಂಬ ನಿಲ್ಲಿಸಿ ಹಲಗೆ ಕಟ್ಟಿಸಿದರು. ಹತ್ತಿ ಬರುವ ತಿಂಗಳುಗಳಲ್ಲಿ ಆಟ ಬಂದ್. ಅದು ಮುಗಿದ ಮೇಲೆ ಹತ್ತಿಕಾಳು ಗುಡಿಸಿ, ಸುಣ್ಣದ ಗೆರೆ ಎಳೆದರೆ ಅದೇ ಅಂಗಳ ಮೈದಾನ. ಆಡುವವರನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಗಿರಣಿಯಲ್ಲಿ ಇಟ್ಟುಕೊಂಡಿದ್ದರು. ಒಬ್ಬ ತೂಕದ ಹತ್ತಿರ, ಒಬ್ಬ ಗೋದಾಮಿನಲ್ಲಿ, ಒಬ್ಬ ಗೇಟಿನಲ್ಲಿ. ಹೆಸರಿಗೆ ಆ ಕೆಲಸ, ಪಗಾರ ಆಟಕ್ಕೆ. ಕಿತ್ತೂರು, ಸವದತ್ತಿ, ರಾಮದುರ್ಗಗಳಲ್ಲೂ ಹೀಗೇ ಯಾರ್‍ಯಾರೋ ನಡೆಸುವ ತಂಡಗಳಿದ್ದವು. ಒಂದೊಂದು ಊರಿನ ಜೊತೆ ಎರಡೆರಡು ಪಂದ್ಯ, ಒಂದು ನಮ್ಮಲ್ಲಿ, ಒಂದು ಅವರಲ್ಲಿ. ಒಟ್ಟು ಆರು.

ನನಗೆ ಆಟ ಬರುತ್ತಿರಲಿಲ್ಲ. ಅಕ್ಷರ ಚೆನ್ನಾಗಿದೆ ಎಂದು ಅಂಕಪಟ್ಟಿ ಬರೆಯಲು ಕೂಡಿಸಿದರು. ಮೂರು ಪ್ರತಿ ಬರೆಯಬೇಕು: ಮೇಲಿನದು ಗಿರಣಿಗೆ, ಎರಡನೆಯದು ಎದುರಿನ ತಂಡಕ್ಕೆ, ಮೂರನೆಯದು ಬರೆದವನಿಗೆ. ಹಾಳೆಯಲ್ಲಿ ಪ್ರತಿ ಆಟಗಾರನ ಹೆಸರಿನ ಮುಂದೆ ಒಂದು ಸಣ್ಣ ಚೌಕ. ಅವನು ಮೈದಾನದೊಳಗೆ ಕಾಲಿಟ್ಟಾಗ ಆ ಚೌಕದಲ್ಲಿ ಗುಣಾಕಾರದ ಗುರುತು ಹಾಕಬೇಕು. ಹುಡುಗರು ಅದನ್ನು ಇಂಟು ಎನ್ನುತ್ತಿದ್ದರು. ಹೊರಗೆ ಬೆಂಚಿನ ಮೇಲೆಯೇ ಉಳಿದವನ ಚೌಕ ಖಾಲಿ.

ಈ ಇಂಟುಗಳ ಮೇಲೆ ಗಿರಣಿಯ ಒಂದು ಕಾನೂನು ನಿಂತಿತ್ತು. ಆರು ಪಂದ್ಯಗಳಲ್ಲಿ ಕನಿಷ್ಠ ಮೂರು ಆಡಿದವನ ಹೆಸರು ಮಾತ್ರ ಮುಂದಿನ ವರ್ಷದ ಆಟಗಾರರ ಪಟ್ಟಿಯಲ್ಲಿ. ಪಟ್ಟಿ ತಪ್ಪಿದವನು ಪ್ರೆಸ್ ಮನೆಗೆ ಹೋಗಬೇಕು. ಪ್ರೆಸ್ ಮನೆ ಎಂದರೆ ಅರಳೆಯನ್ನು ಒತ್ತಿ ಬೇಲು ಕಟ್ಟುವ ಜಾಗ. ಅಲ್ಲಿ ದಿನವಿಡೀ ಬೇಲು ಎಬ್ಬಿಸುವುದು, ಉರುಳಿಸುವುದು. ಸಣ್ಣ ಸಾಹುಕಾರರಿಗೆ ಪರ ಊರಿನ ಪಂದ್ಯಗಳಿಗೆ ಬರಲು ಆಗುತ್ತಿರಲಿಲ್ಲ. ಎಲ್ಲ ಆಟ ಮುಗಿದ ಮೇಲೆ ಆರೂ ಹಾಳೆ ಮುಂದೆ ಹರವಿಕೊಂಡು ಇಂಟು ಎಣಿಸುತ್ತಿದ್ದರು. ಒಂದು ನಿಮಿಷ ಆಡಿದವನಿಗೂ ಇಂಟು, ನಲವತ್ತು ನಿಮಿಷ ಆಡಿದವನಿಗೂ ಇಂಟು. ವಶೀಲಿ ನಡೆಯಬಾರದು ಎಂದು ಅವರು ಮಾಡಿದ ಏರ್ಪಾಡು ಅದು.

ಇನ್ನು ಹವಾಲ್ದಾರರು. ಹೂಲಿಯ ಒಕ್ಕಲಿಗರ ಮನೆಯವರು, ಪಲ್ಟನ್ನಿನಲ್ಲಿ ಹದಿನೈದು ವರ್ಷ ಇದ್ದು ಬಂದವರು. ಆಟ ಕಲಿತದ್ದೂ ಅಲ್ಲೇ. ಗಿರಣಿ ಮೊಟ್ಟಮೊದಲು ಇಟ್ಟುಕೊಂಡ ಆಟಗಾರ ಅವರೇ. ನಾನು ಸೇರುವ ಹೊತ್ತಿಗೆ ನಲವತ್ತರ ಹತ್ತಿರ ಬಂದಿದ್ದರು. ಎಡ ಮಂಡಿ ಪೂರ್ತಿ ಮಡಚುತ್ತಿರಲಿಲ್ಲ, ಕುರ್ಚಿಯಿಂದ ಏಳುವಾಗ ಎರಡೂ ಕೈ ಊರಬೇಕು. ಅವರಿಗೆ ಗೇಟಿನ ಕೆಲಸ: ಬಂದವರ ಹೆಸರು ನೋಡುವುದು, ತಡವಾದವರನ್ನು ಪುಸ್ತಕದಲ್ಲಿ ಬರೆಯುವುದು. ಪಟ್ಟಿಯಲ್ಲಿ ಹೆಸರು ಇರುವ ತನಕ ಆ ಕುರ್ಚಿ. ಹೆಸರು ಹೋದರೆ ಆ ಮಂಡಿ ಇಟ್ಟುಕೊಂಡು ಬೇಲು.

ಅವರ ಮೇಲೆ ನನಗಿದ್ದ ಸಿಟ್ಟಿನ ಮೂಲ ಮೊದಲ ದಿನದ್ದು. ಕೆಲಸಕ್ಕೆ ಸೇರಲು ಹೋದಾಗ ಗೇಟಿನ ಪಟ್ಟಿಗೆ ನನ್ನ ಹೆಸರು ಇನ್ನೂ ಬಂದಿರಲಿಲ್ಲ. ನಾನು ಪದವಿಯ ಕಾಗದ ತೆಗೆದು ತೋರಿಸಿದೆ. ಅವರು ಅದನ್ನು ಪೂರ್ತಿ ಓದಿ ಮಡಿಸಿ ಕೊಟ್ಟರು.

"ಛಲೋ ಆತ್ರಿ ಆಚಾರ್ರ. ಎಂ.ಎ. ಆಗೀರಿ. ಆದ್ರ ಹೆಸರು ಪಟ್ಟಿಯಾಗ ಇರಬೇಕಲ್ರಿ."

ಒಂದು ತಾಸು ಬಿಸಿಲಲ್ಲಿ ನಿಂತೆ. ಬಾರದಾನದ ಗೋಣಿಚೀಲ ಹೊತ್ತ ಹೆಂಗಸರು ನನ್ನನ್ನು ನೋಡುತ್ತ ಒಳಗೆ ಹೋದರು. ಒಂದು ತಾಸು ಎಂದು ದಿನಚರಿ ಹೇಳುತ್ತದೆ. ಹತ್ತು ನಿಮಿಷವೂ ಇದ್ದಿರಬಹುದು.

ತಂಡದ ಕ್ಯಾಪ್ಟನ್ ನನ್ನ ವಯಸ್ಸಿನವನು, ತೂಕದ ಕಾರಕೂನ. ನಾಲ್ಕೂ ಊರಿನಲ್ಲಿ ಅವನಷ್ಟು ಪಾಯಿಂಟ್ ಹಾಕುವವನು ಇರಲಿಲ್ಲ. ನನ್ನ ಕೋಣೆಗೆ ಬಂದು ಮಂಚದ ಮೇಲೆ ಕಾಲು ಚಾಚಿ, ಇಂಗ್ಲಿಷ್ ಪತ್ರಿಕೆಯ ಆಟದ ಪುಟವನ್ನು ನನ್ನಿಂದ ಓದಿಸಿ ಕೇಳುತ್ತಿದ್ದ. ಗಿರಣಿಯಲ್ಲಿ ನನ್ನನ್ನು ಗೆಳೆಯನೆಂದು ಕರೆದವನು ಅವನೊಬ್ಬನೇ. ಅವನಿಗೆ ಹವಾಲ್ದಾರರೆಂದರೆ ಆಗುತ್ತಿರಲಿಲ್ಲ. ಉಳಿದವರೆಲ್ಲ ಹವಾಲ್ದಾರ್ರ ಎಂದರೆ ಇವನು ಬೇಕೆಂದೇ ಮೈದಾನದಲ್ಲಿ ಎಲ್ಲರೆದುರು "ಕಾಕಾ" ಎನ್ನುತ್ತಿದ್ದ. "ಕಾಕಾ, ಸರೀರಿ, ಚೆಂಡು ಬಂತು." ಅವರು ಅವನನ್ನು ತಮ್ಮಾ ಎನ್ನುತ್ತಿದ್ದರು. ಕೇಳಿದವರಿಗೆ ಒಂದು ಮನೆಯ ಮಾತಿನ ಹಾಗೆ ಕೇಳಿಸಬೇಕು.

ತಂಡ ಆರಿಸುವುದು, ಯಾರನ್ನು ಯಾವಾಗ ಇಳಿಸಬೇಕು ಎಂದು ಹೇಳುವುದು ಮಾಸ್ತರರ ಕೆಲಸ. ಹೈಸ್ಕೂಲಿನ ಡ್ರಿಲ್ ಮಾಸ್ತರರು, ಸಂಜೆ ಗಿರಣಿಗೆ ಬಂದು ಕಲಿಸುತ್ತಿದ್ದರು. ಸಾಧು ಮನುಷ್ಯ. ಯಾರು ಜೋರಾಗಿ ಮಾತಾಡಿದರೂ ಅವರ ಕಡೆ ತಲೆಯಾಡಿಸುವವರು.

ಆ ವರ್ಷದ ಮೊದಲ ಪಂದ್ಯ ಕಿತ್ತೂರಿನಲ್ಲಿ. ಹವಾಲ್ದಾರರು ಐದಾರು ನಿಮಿಷ ಆಡಿದರು, ಒಂದು ಇಂಟು. ಎರಡನೆಯದು ಸವದತ್ತಿಯಲ್ಲಿ. ಸವದತ್ತಿ ಅವರ ಹೂಲಿಗೆ ಹತ್ತಿರ. ಅವರ ಆಟ ನೋಡಲು ಊರಿನವರು ಹತ್ತಿಪ್ಪತ್ತು ಜನ ಬಂದು ಗೆರೆಯ ಗುಂಟ ಕೂತಿದ್ದರು. ಎರಡನೆಯ ಅರ್ಧದ ಒಂಬತ್ತನೆಯ ನಿಮಿಷಕ್ಕೆ ಮಾಸ್ತರರು ಅವರನ್ನು ಇಳಿಸಿದರು. ಆಗ ನಾವು ಐದು ಪಾಯಿಂಟ್ ಮುಂದೆ ಇದ್ದೆವು. ಕೊನೆಯ ತನಕ, ಹನ್ನೊಂದು ನಿಮಿಷ, ಅವರು ಒಳಗೇ ಇದ್ದರು. ಪಂದ್ಯ ಮುಗಿದಾಗ ನಾಲ್ಕು ಪಾಯಿಂಟ್‌ನಿಂದ ಸೋತಿದ್ದೆವು.

ಗಿರಣಿಯ ಲಾರಿಯಲ್ಲೇ ಹೋಗಿ ಬರುವುದು. ಕೆಳಗೆ ಚೀಲ ಹಾಸಿಕೊಂಡು ಎಲ್ಲರೂ ಕೂತಿದ್ದೆವು. ಮುರಗೋಡದಲ್ಲಿ ಲಾರಿ ನಿಲ್ಲಿಸಿ ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತೆವು. ಹೊತ್ತು ಮುಳುಗುತ್ತಿತ್ತು. ಕ್ಯಾಪ್ಟನ್ ಬಸಿ ಕೆಳಗಿಟ್ಟು ನನ್ನ ಕಡೆ ತಿರುಗಿದ.

"ಆಚಾರ್ರ, ಹಾಳಿ ತಗೀರಿ. ಕಾಕಾ ಒಳಗ ಬಂದಾಗ ಎಷ್ಟಿತ್ತು?"

"ಐದು ಮುಂದ ಇದ್ವಿ," ಎಂದೆ.

"ಕಡೀಕ?"

"ನಾಲ್ಕು ಹಿಂದ."

"ಅಂದ್ರ?"

"ಒಂಬತ್ತು."

"ಕೇಳ್ರಿ ಮಾಸ್ತರ. ಹನ್ನೊಂದ ಮಿನಿಟದಾಗ ಒಂಬತ್ತ ಪಾಯಿಂಟ ಹೋದೂವು. ನಾ ಹೇಳಾಕ ಹತ್ತಿಲ್ಲ, ಎಂ.ಎ. ಕಲತವರು ಹೇಳಾಕ ಹತ್ಯಾರ. ಇನ್ನೂ ಎಷ್ಟ ಮಿನಿಟ ಕೊಡೂದು ಇವರಿಗೆ? ಆಡಾಕ ಬಂದೇವೋ, ಹೂಲಿ ಮಂದಿಗೆ ಮಾರಿ ತೋರಸಾಕ ಬಂದೇವೋ?"

ಎರಡು ಮೂರು ಜನ ನಕ್ಕರು. ಹವಾಲ್ದಾರರು ಬಸಿಯಲ್ಲಿ ಚಹಾ ಹುಯ್ದುಕೊಂಡು ಊದುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಆಚಾರ್ರ, ನನ್ನ ಮುಂದ ನಿಂತವ ಎಷ್ಟ ಹಾಕಿದಾ? ಅದನ್ನ ನೋಡಿ ಹೇಳ್ರಿ."

ಅವರು ತಡೆಯಬೇಕಾಗಿದ್ದವನು ಸವದತ್ತಿಯ ಹತ್ತನೆಯ ನಂಬರಿನವನು, ಸಿರಸಂಗಿಯ ಕಡೆಯ ಎತ್ತರದ ಆಳು. ಹಾಳೆ ನನ್ನ ತೊಡೆಯ ಮೇಲೆಯೇ ತೆರೆದಿತ್ತು.

"ಅದು ಹಾಳಿಯೊಳಗ ಇರೂದಿಲ್ರಿ," ಎಂದೆ.

ಈ ಮಾತನ್ನು ನಾನು ಹೇಳಿದ್ದು ಖರೆ. ದಿನಚರಿಯಲ್ಲಿ ಇಲ್ಲ, ಆದರೂ ಇದೊಂದರಲ್ಲಿ ನನಗೆ ಸಂಶಯವಿಲ್ಲ. ಯಾರು ಯಾರನ್ನು ತಡೆಯುತ್ತಿದ್ದರು ಎಂದು ಅಂಕಪಟ್ಟಿಯಲ್ಲಿ ಬರೆಯುವುದಿಲ್ಲ, ನಿಜ. ಆದರೆ ಪ್ರತಿ ಪಾಯಿಂಟಿನ ಪಕ್ಕದಲ್ಲಿ ಅದನ್ನು ಹಾಕಿದವನ ನಂಬರು ಇರುತ್ತದೆ. ಬೆರಳಿಟ್ಟು ಎಣಿಸಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುವ ಸಂಗತಿ. ಆ ಹನ್ನೊಂದು ನಿಮಿಷಗಳಲ್ಲಿ ಸವದತ್ತಿಯವರು ಹಾಕಿದ್ದು ಹದಿನೈದು. ಹತ್ತನೆಯ ನಂಬರು ಹಾಕಿದ್ದು ಎರಡು, ಒಂದೇ ಒಂದು ಬುಟ್ಟಿ. ಹವಾಲ್ದಾರರು ಇಳಿಯುವ ಮೊದಲು ಅದೇ ಮನುಷ್ಯ ಹದಿನಾಲ್ಕು ಹಾಕಿದ್ದ. ಉಳಿದ ಹದಿಮೂರರಲ್ಲಿ ಹನ್ನೊಂದು ಐದನೆಯ ನಂಬರಿನವು. ಐದನೆಯ ನಂಬರನ್ನು ತಡೆಯುವುದು ನಮ್ಮ ಕ್ಯಾಪ್ಟನ್‌ನ ಕೆಲಸ.

ಇದನ್ನು ನಾನು ಆ ಬೆಂಚಿನ ಮೇಲೆ ಕೂತಾಗಲೇ ಕಂಡಿದ್ದೆನೋ, ಆಮೇಲೆ ಕೋಣೆಯಲ್ಲಿ ಕಂಡೆನೋ? ಬಹಳ ವರ್ಷ ಆಮೇಲೆ ಎಂದೇ ನನಗೆ ನಾನು ಹೇಳಿಕೊಂಡಿದ್ದೇನೆ. ಈಗ ಕಾರ್ಬನ್ ಪ್ರತಿಯನ್ನು ಬೆಳಕಿಗೆ ಹಿಡಿದರೆ ಐದನೆಯ ನಂಬರಿನ ಪಕ್ಕದಲ್ಲೆಲ್ಲ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ನೀಲಿ ಚುಕ್ಕೆಗಳು. ಮೇಲಿನ ಹಾಳೆ ಮತ್ತು ನನ್ನ ಪ್ರತಿಯ ನಡುವೆ ಕಾರ್ಬನ್ ಇನ್ನೂ ಇದ್ದಾಗ ಪೆನ್ಸಿಲ್ ಊರಿ ಎಣಿಸಿದವನ ಗುರುತು ಅದು. ಮೇಲಿನ ಹಾಳೆಯನ್ನು ಗಿರಣಿಗೆ ಕೊಟ್ಟದ್ದು ಮರುದಿನ ಮುಂಜಾನೆ. ಎಂದರೆ ಅದೇ ಸಂಜೆ. ಬೆಂಚಿನ ಮೇಲೆ ಅಲ್ಲದಿದ್ದರೆ ಲಾರಿಯಲ್ಲಿ.

ಹವಾಲ್ದಾರರು ನನ್ನನ್ನು ಸ್ವಲ್ಪ ಹೊತ್ತು ನೋಡಿ ಚಹಾ ಕುಡಿದರು.

"ಇರಬೇಕ್ರಿ ಕಾಕಾ," ಎಂದ ಕ್ಯಾಪ್ಟನ್. "ಪಲ್ಟನ್‌ದಾಗ ಹಾಳಿ ಬ್ಯಾರೆ ಇರತಿದ್ದೂವೋ ಏನೋ."

"ಹಾಳಿ ಇರತಿದ್ದಿಲ್ಲ ತಮ್ಮಾ. ಆದ್ರ ಮುಂದ ಓಡಿದವ ಹಿಂದಕ್ಕೂ ಓಡಿ ಬರತಿದ್ದಾ."

ಕ್ಯಾಪ್ಟನ್ ಎದ್ದು ನಿಂತ. ಮುಂದೆ ಓಡಿ ಬುಟ್ಟಿ ಹಾಕುವುದರಲ್ಲಿ ಅವನು ಎತ್ತಿದ ಕೈ, ತಡೆಯಲು ಹಿಂದಕ್ಕೆ ಬರುವುದರಲ್ಲಿ ಆಲಸಿ. ಎಲ್ಲರಿಗೂ ಗೊತ್ತಿತ್ತು, ಯಾರೂ ಅದನ್ನು ಅಂದಿರಲಿಲ್ಲ.

"ಮುದುಕರಾದ್ರಿ ಅಂತ ಸುಮ್ಮನ ಅದೇನಿ. ಹಲ್ಲು ಉದರತಿದ್ದೂವು."

"ಮಂಡಿ ಹೋಗೈತಿ, ಹಲ್ಲ ಘಟ್ಟಿ ಅದಾವು. ಬಾ."

"ಚಾ ಕುಡೀರಿ, ಚಾ ಕುಡೀರಿ," ಎಂದು ಮಾಸ್ತರರು ನಡುವೆ ಬಂದರು. ನನಗೆ ನಮ್ಮ ಓಣಿಯವರು ಯಾರಾದರೂ ನೋಡಿ ತಂದೆಗೆ ಹೇಳಿದರೆ ಎಂಬ ಚಿಂತೆ. ಹಾಳೆ ಮಡಿಸಿ ಚೀಲಕ್ಕೆ ಹಾಕಿದೆ. ಹಾಗೆ ಅವಸರ ಮಾಡಿದ್ದಕ್ಕೆ ಅದೇ ಕಾರಣ ಎಂದು ದಿನಚರಿಯಲ್ಲಿ ಬರೆದುಕೊಂಡಿದ್ದೇನೆ.

ಆಮೇಲಿನ ಮೂರು ಪಂದ್ಯಗಳು ಬೈಲಹೊಂಗಲದಲ್ಲೇ. ಮೂರರಲ್ಲೂ ಹವಾಲ್ದಾರರು ಬೆಂಚಿನ ಮೇಲೆ. ಒಂಬತ್ತು ಪಾಯಿಂಟಿನ ಮಾತು ಗಿರಣಿಯ ತುಂಬ ಹರಡಿತ್ತು. ಗೋದಾಮಿನವರೂ ಅವರು ದಾಟಿ ಹೋದಮೇಲೆ "ಒಂಬತ್ತು ಬಂತು, ಒಂಬತ್ತು ಹೋತು" ಎನ್ನುತ್ತಿದ್ದರು. ಹವಾಲ್ದಾರರು ಗೇಟಿನಲ್ಲಿ ಸೇಡು ತೀರಿಸಿಕೊಳ್ಳುತ್ತಿದ್ದರು. ಕ್ಯಾಪ್ಟನ್ ಒಂದು ಮುಂಜಾನೆ ಬರುವುದು ತಡವಾದಾಗ ಪುಸ್ತಕ ಮುಂದೆ ಹಿಡಿದರು.

"ಸಹಿ ಮಾಡು ತಮ್ಮಾ. ಮೂರ ಮಿನಿಟ ತಡಾ."

"ಮೂರ ಮಿನಿಟಕ್ಕ ಯಾರ ಬರಿತಾರ್ರಿ?"

"ನಿಮ್ಮ ಮಂದ್ಯಾಗ ಮಿನಿಟಿಗೆ ಭಾಳ ಕಿಮ್ಮತ್ತ ಐತಲ್ಲಾ. ಮಾಡು ಸಹಿ."

ಕ್ಯಾಪ್ಟನ್ ಸಹಿ ಹಾಕಿ ಪೆನ್ನನ್ನು ನೆಲಕ್ಕೆ ಒಗೆದ. ಹವಾಲ್ದಾರರಿಗೆ ಬಗ್ಗಲು ಆಗುವುದಿಲ್ಲ ಎಂದು ಗೊತ್ತಿದ್ದೇ ಒಗೆದದ್ದು. ನಾನು ಅವನ ಹಿಂದೆಯೇ ಇದ್ದೆ. ಪೆನ್ನು ನನ್ನ ಚಪ್ಪಲಿಯ ಹತ್ತಿರ ಬಂದು ನಿಂತಿತ್ತು. ನಾನು ಅದನ್ನು ಎತ್ತಿ ಕೊಟ್ಟೆನೇ? ಕೊಟ್ಟೆ ಎಂದು ಹೇಳಬೇಕು ಅನ್ನಿಸುತ್ತದೆ.

ರಾಮದುರ್ಗದ ಪಂದ್ಯ ಕೊನೆಯದು. ಗೆದ್ದರೆ ನಾಲ್ಕೂ ಊರಿನಲ್ಲಿ ನಾವೇ ಮುಂದೆ. ಹವಾಲ್ದಾರರಿಗೆ ಎರಡೇ ಇಂಟು, ಮೂರನೆಯದು ಅಲ್ಲೇ ಆಗಬೇಕು. ಹೊರಡುವ ಹಿಂದಿನ ಸಂಜೆ ಅಂಗಳದ ಕಟ್ಟೆಯ ಮೇಲೆ ಮಾಸ್ತರರು, ಕ್ಯಾಪ್ಟನ್, ನಾನು ಕೂತೆವು.

"ಒಂದ ಮಿನಿಟ ಕೊಡೂದಿಲ್ಲ," ಎಂದ ಕ್ಯಾಪ್ಟನ್.

"ಹಿಂಗಂದ್ರ ಹೆಂಗಪಾ. ಪ್ರೆಸ್ ಮನ್ಯಾಗ ಆ ಮಂಡಿ ನಡೀತದೇನು?" ಮಾಸ್ತರರು ನೆಲ ನೋಡುತ್ತ ಹೇಳಿದರು.

"ಪ್ರೆಸ್ ಮನ್ಯಾಗ ನಡೀದ ಮಂಡಿ ರಾಮದುರ್ಗದಾಗ ನಡೀತೈತೇನ್ರಿ?"

ಆಗ ನಾನು ನನ್ನ ಉಪಾಯ ಹೇಳಿದೆ. ಕೊನೆಯ ಒಂದು ನಿಮಿಷ ಇರುವಾಗ ಇಳಿಸಿದರೆ ಆಟಕ್ಕೆ ಹಾನಿ ಇಲ್ಲ, ಇಂಟು ಬೀಳುತ್ತದೆ, ಕಾನೂನಿಗೂ ಸರಿ. ಮಾಸ್ತರರ ಮುಖ ಅರಳಿತು. ಕ್ಯಾಪ್ಟನ್ ಕೂಡ, "ಆಗಲಿ, ನಿಮ್ಮ ಮಾತಿಗೆ," ಎಂದ. ದಿನಚರಿಯಲ್ಲಿ ಆ ದಿನ, "ನನ್ನ ಸಲಹೆಯನ್ನು ಎಲ್ಲರೂ ಒಪ್ಪಿದರು" ಎಂದಿದೆ. ಎಲ್ಲರೂ ಎಂದರೆ ಮೂವರು. ನಾಲ್ಕನೆಯವರಿಗೆ ಹೇಳಲು ನಾನು ಗೇಟಿಗೆ ಹೋದೆ.

ಹವಾಲ್ದಾರರು ಪೂರ್ತಿ ಕೇಳಿಸಿಕೊಂಡರು.

"ಒಂದ ಮಿನಿಟ. ಯಾರ ಬುದ್ಧಿ ಇದು, ನಿಮ್ಮದೇನ್ರಿ?"

"ನಿಮಗ ಒಳ್ಳೇದಾಗ್ಲಿ ಅಂತರಿ."

"ಒಳ್ಳೇದು ಮಾಡೂದಿದ್ರ ಹತ್ತ ಮಿನಿಟ ಕೊಡಸ್ರಿ. ಹತ್ತ ಮಿನಿಟದಾಗ ಆಟ ಕೆಟ್ರ ನನ್ನ ಕಾಲಲೆ ನಾನ ಪ್ರೆಸ್ ಮನೀಗಿ ಹೋಗತೇನಿ."

"ಅದು ನನ್ನ ಕೈಯೊಳಗ ಇಲ್ಲಲ್ರಿ."

"ಪೆನ್ಸಿಲ್ ನಿಮ್ಮ ಕೈಯಾಗ ಐತಿ," ಎಂದರು. "ಹೋಗ್ರಿ. ಗೇಟ ಹಾಕೂ ಹೊತ್ತಾತು."

ರಾಮದುರ್ಗದಲ್ಲಿ ಆ ಮಧ್ಯಾಹ್ನ ಗಾಳಿ ಜೋರಾಗಿತ್ತು. ಹಾಳೆ ಹಾರದಂತೆ ನಾಲ್ಕೂ ಮೂಲೆಗೆ ಕಲ್ಲು ಇಟ್ಟುಕೊಂಡು ಬರೆದೆ. ಶಾಲೆಯ ಒಂದು ಡೆಸ್ಕು ನನ್ನ ಮೇಜು. ಅದರ ಪಕ್ಕದಲ್ಲಿ ಬದಲಿ ಆಟಗಾರರಿಗೆ ಒಂದು ಕುರ್ಚಿ. ಬದಲಿಯಾಗಿ ಹೋಗುವವನು ತಾನೇ ಬಂದು ಬರೆಯುವವನ ಮುಂದೆ ನಂಬರು ಹೇಳಿ ಆ ಕುರ್ಚಿಯಲ್ಲಿ ಕಾಯಬೇಕು. ಅಂಪೈರನ ಶಿಳ್ಳೆ ಬಿದ್ದು ಆಟ ನಿಂತಾಗ ಮಾತ್ರ ಒಳಗೆ ಹೋಗಬಹುದು. ಬುಟ್ಟಿ ಬಿದ್ದರೆ ಸಾಲದು, ಶಿಳ್ಳೆಯೇ ಬೀಳಬೇಕು. ಸಾಮಾನ್ಯವಾಗಿ ಹತ್ತು ಹದಿನೈದು ಸೆಕೆಂಡಿಗೆ ಒಂದು ಶಿಳ್ಳೆ ಬಿದ್ದೇ ಬೀಳುತ್ತಿತ್ತು. ಅದಕ್ಕೇ ಬರೆಯುವ ನಮಗೆಲ್ಲ ಒಂದು ಕೆಟ್ಟ ರೂಢಿ ಬಿದ್ದಿತ್ತು: ಮನುಷ್ಯ ಬಂದು ನಂಬರು ಹೇಳಿದ ಕೂಡಲೇ ಇಂಟು ಹಾಕಿಬಿಡುವುದು.

ಇನ್ನು ಐದು ನಿಮಿಷ ಇರುವಾಗಲೇ ಹವಾಲ್ದಾರರು ಸ್ವೆಟರ್ ತೆಗೆದು ಮಂಡಿಗೆ ಪಟ್ಟಿ ಸುತ್ತತೊಡಗಿದ್ದರು. ಬಿಚ್ಚುವರು, ಮತ್ತೆ ಬಿಗಿಯಾಗಿ ಸುತ್ತುವರು. ಒಂದು ನಿಮಿಷಕ್ಕೆ ಮಾಸ್ತರರು ತಲೆಯಾಡಿಸಿದರು. ಅವರು ಎದ್ದು ಬಂದು ನನ್ನ ಡೆಸ್ಕಿನ ಮುಂದೆ ಎರಡೂ ಹಿಮ್ಮಡಿ ಕೂಡಿಸಿ ನಿಂತರು.

"ಬದಲಿ. ನಂಬರ ಹದಿಮೂರು."

ನಾನು ಇಂಟು ಹಾಕಿದೆ. ಅವರು ಕುರ್ಚಿಯಲ್ಲಿ ಕೂತರು. ಆಗ ನಾವು ಮೂರು ಪಾಯಿಂಟ್ ಮುಂದೆ.

ಶಿಳ್ಳೆ ಬೀಳಲಿಲ್ಲ. ಚೆಂಡು ಆ ಕಡೆ ಹೋಯಿತು, ಈ ಕಡೆ ಬಂತು. ರಾಮದುರ್ಗದವರು ಒಂದು ಬುಟ್ಟಿ ಹಾಕಿದರು, ಅಂತರ ಒಂದಕ್ಕೆ ಇಳಿಯಿತು. ಇನ್ನು ಅರ್ಧ ನಿಮಿಷವೂ ಇರಲಿಲ್ಲ. ಚೆಂಡು ಕ್ಯಾಪ್ಟನ್ನಿಗೆ ಬಂತು. ಅವನು ಬುಟ್ಟಿಯ ಕಡೆ ಹೋಗಲಿಲ್ಲ. ಚೆಂಡನ್ನು ನೆಲಕ್ಕೆ ಬಡಿಯುತ್ತ, ಇಬ್ಬರನ್ನು ತಪ್ಪಿಸುತ್ತ, ಗೆರೆಯ ಗುಂಟ ನಮ್ಮ ಡೆಸ್ಕಿನ ಮುಂದಿನಿಂದ ಒಮ್ಮೆ ಹೋದ. ತಿರುಗಿ ಮತ್ತೊಮ್ಮೆ ಬಂದ. ಕೈ ಚಾಚಿದರೆ ಅವನ ಅಂಗಿ ಸಿಗುವಷ್ಟು ಹತ್ತಿರ. ಚೆಂಡನ್ನು ಗೆರೆಯ ಆಚೆ ತಳ್ಳಿದ್ದರೆ ಶಿಳ್ಳೆ ಬೀಳುತ್ತಿತ್ತು. ಹಾಗೆ ತಳ್ಳಿದರೆ ಚೆಂಡು ಎದುರಿನವರದು, ಅಂತರ ಒಂದೇ ಪಾಯಿಂಟ್. ಯಾವ ಕ್ಯಾಪ್ಟನ್ನೂ ಹಾಗೆ ಮಾಡುವುದಿಲ್ಲ. ಇದನ್ನು ನಾನು ಎಷ್ಟೋ ಸಲ ನನಗೆ ಹೇಳಿಕೊಂಡಿದ್ದೇನೆ. ಎರಡನೆಯ ಸಲ ದಾಟುವಾಗ ಅವನು ಕುರ್ಚಿಯ ಕಡೆ ನೋಡಿ ನಕ್ಕ ಎಂದು ನನ್ನ ನೆನಪು ಹೇಳುತ್ತದೆ. ದಿನಚರಿ ಹೇಳುವುದಿಲ್ಲ. ಇಬ್ಬರು ಮೈಮೇಲೆ ಬಿದ್ದಿರುವಾಗ ಯಾರಿಗೆ ನಗಲು ಆಗುತ್ತದೆ?

ಹವಾಲ್ದಾರರು ಅವನನ್ನು ನೋಡುತ್ತಿರಲಿಲ್ಲ. ಅಂಪೈರನ ಬಾಯಲ್ಲಿದ್ದ ಶಿಳ್ಳೆಯನ್ನೇ ನೋಡುತ್ತಿದ್ದರು. ಎರಡೂ ಕೈ ಕುರ್ಚಿಯ ಮೇಲೆ ಊರಿ, ಏಳಲು ಸಿದ್ಧವಾಗಿ.

ಆಟ ಮುಗಿದ ಗಂಟೆ ಬಾರಿಸಿದರು. ಗೆದ್ದೆವು. ಹುಡುಗರು ಕ್ಯಾಪ್ಟನ್‌ನನ್ನು ಹೆಗಲ ಮೇಲೆ ಎತ್ತಿಕೊಂಡರು.

ಡೆಸ್ಕಿನ ಹತ್ತಿರ ನಾನು, ಮಾಸ್ತರರು, ಹವಾಲ್ದಾರರು. ಹದಿಮೂರನೆಯ ನಂಬರಿನ ಚೌಕದಲ್ಲಿ ಇಂಟು ಇತ್ತು. ಮಾಸ್ತರರು ಅದನ್ನು ನೋಡಿ ಮೆಲ್ಲಗೆ, "ಇರಲಿ ಬಿಡ್ರಿ ಆಚಾರ್ರ," ಎಂದರು. ಅಷ್ಟರಲ್ಲಿ ಕೆಳಗಿಳಿದು ಬಂದ ಕ್ಯಾಪ್ಟನ್ನೂ ಬಗ್ಗಿ ನೋಡಿದ. ಗೆದ್ದ ಖುಷಿಯಲ್ಲಿ ಅವನ ಕೈ ದೊಡ್ಡದಾಗಿತ್ತು.

"ಇರಲಿ ತಗೋರಿ ಕಾಕಾ. ನಮ್ಮ ಕಡೆಯಿಂದ ಒಂದು ಇಂಟು."

ಹವಾಲ್ದಾರರು ಪಟ್ಟಿ ಬಿಚ್ಚುತ್ತಿದ್ದರು.

"ಒಂದ ಹೆಜ್ಜಿ ಒಳಗ ಇಟ್ಟಿದ್ರ ನಾನೂ ಇರಲಿ ಅಂತಿದ್ದೆ. ಇಟ್ಟಿಲ್ಲ. ಅಳಸ್ರಿ ಆಚಾರ್ರ."

ಅಳಿಸಿದೆ. ದಿನಚರಿಯಲ್ಲಿ, "ಹ. ಅಳಿಸಲು ಹೇಳಿದರು, ಅಳಿಸಿದೆ" ಎಂದಿದೆ. ಆದರೆ ರಬ್ಬರಿನ ಬಗ್ಗೆ ನನಗೆ ಬೇರೊಂದು ನೆನಪಿದೆ. ಅದು ಅಂಗಿಯ ಜೇಬಿನಲ್ಲಿ ಇರುತ್ತಿತ್ತು. ಅವರು ಮಾತಾಡುವಾಗ ಅದು ಆಗಲೇ ನನ್ನ ಬೆರಳುಗಳ ನಡುವೆ ಇತ್ತು. ಎರಡರಲ್ಲಿ ಯಾವುದು ಮೊದಲು ಎಂದು ನನಗೆ ತಿಳಿಯದು. ಕೆಳಗಿನ ಕಾರ್ಬನ್ ಪ್ರತಿಗಳ ಮೇಲೆ ರಬ್ಬರು ನಡೆಯುವುದಿಲ್ಲ. ರಾಮದುರ್ಗದವರಿಗೆ ಕೊಟ್ಟ ಹಾಳೆಯಲ್ಲಿ ನಮ್ಮ ಹವಾಲ್ದಾರರು ಆಡಿಯೇ ಇದ್ದಾರೆ. ನನ್ನ ಪ್ರತಿ ಏನಾಯಿತೋ ಗೊತ್ತಿಲ್ಲ. ಸವದತ್ತಿಯದನ್ನು ಇಟ್ಟುಕೊಂಡವನು ಅದನ್ನು ಯಾಕೆ ಕಳೆದುಕೊಂಡೆ ಎಂಬುದಕ್ಕೂ ಉತ್ತರವಿಲ್ಲ.

ವಾರದ ಮೇಲೆ ಸಣ್ಣ ಸಾಹುಕಾರರು ನನ್ನನ್ನು ಕರೆಸಿದರು. ಆರೂ ಹಾಳೆಗಳು ಮೇಜಿನ ಮೇಲಿದ್ದವು. ರಾಮದುರ್ಗದ ಹಾಳೆಯ ಮಸುಕಾದ ಚೌಕದ ಮೇಲೆ ಬೆರಳಿಟ್ಟರು.

"ಇಲ್ಲೇನೋ ಅಳಿಸೀರಿ?"

"ಆಡೂದಕ್ಕಿಂತ ಮೊದಲ ಹಾಕಿದ್ದೆರಿ. ಆಮ್ಯಾಲೆ ಅವರು ಒಳಗ ಹೋಗ್ಲಿಲ್ಲ."

"ಅಂದ್ರ ಎರಡೇ ಆದವು." ಅವರು ಹಾಳೆಯನ್ನು ಎತ್ತಿ ಮತ್ತೊಮ್ಮೆ ನೋಡಿದರು. ಹವಾಲ್ದಾರರನ್ನು ಕರೆತಂದವರು ಅವರೇ. ಕಾನೂನು ಮುರಿಯಲು ಅವರಿಗೊಂದು ನೆವ ಬೇಕಾಗಿತ್ತು ಎಂದು ಈಗ ಅನ್ನಿಸುತ್ತದೆ. "ಆಟ ಹೆಂಗ ಐತಿ ಅವರದು? ಸವದತ್ತಿಯಾಗ ಒಂಬತ್ತು ಪಾಯಿಂಟ ಕಳದ್ರು ಅಂತ ಕೇಳೇನಿ. ಖರೇ ಏನು?"

ಸವದತ್ತಿಯ ಹಾಳೆ ಅವರ ಮೊಣಕೈ ಹತ್ತಿರವೇ ಇತ್ತು. ಹತ್ತನೆಯ ನಂಬರು, ಐದನೆಯ ನಂಬರು, ಎಲ್ಲ ಅದರಲ್ಲೇ.

"ಹೌದ್ರಿ," ಎಂದೆ. "ಒಂಬತ್ತು."

ಅದು ಸುಳ್ಳಲ್ಲ. ಅವರು ಆರೂ ಹಾಳೆಗಳನ್ನು ಜೋಡಿಸಿ ಬದಿಗಿಟ್ಟರು.

ಹೊಸ ಪಟ್ಟಿ ಬರೆದವನೂ ನಾನೇ, ಗೇಟಿನ ಕೋಣೆಯ ಗೋಡೆಗೆ ಅಂಟಿಸಲು ಹೋದವನೂ ನಾನೇ. ಹವಾಲ್ದಾರರು ಎರಡೂ ಕೈ ಊರಿ ಎದ್ದು, ಕುರ್ಚಿ ಸರಿಸಿ ನನಗೆ ಜಾಗ ಬಿಟ್ಟರು. ಮೇಲಿನಿಂದ ಕೆಳಗಿನವರೆಗೆ ಓದಿದರು.

"ಕೆಳಗಿನ ಮೂಲಿ ಬಿಚ್ಚೇತ್ರಿ. ಇನ್ನೊಂದೀಟ ಅಂಟ ಹಚ್ಚರಿ. ಗಾಳಿಗೆ ಹೋದೀತು."

ಆ ಸೋಮವಾರದಿಂದ ಅವರು ಪ್ರೆಸ್ ಮನೆಯಲ್ಲಿ. ಹತ್ತಿಯ ಗಾಡಿಗಳು ಬರತೊಡಗಿದವು, ಅಂಗಳದ ಸುಣ್ಣದ ಗೆರೆಗಳ ಮೇಲೆ ಹತ್ತಿ ಹರವಿದರು. ಬೇಲುಗಳನ್ನು ಕೈಗಾಡಿಯ ಮೇಲೆ ನನ್ನ ಕಿಟಕಿಯ ಮುಂದಿನಿಂದಲೇ ಗೋದಾಮಿಗೆ ಒಯ್ಯಬೇಕು. ಹವಾಲ್ದಾರರು ಎಡಗಾಲನ್ನು ಎಳೆಯುತ್ತ ಗಾಡಿಯ ಹಿಂದೆ ಬರುವರು. ಮಧ್ಯಾಹ್ನದ ಊಟಕ್ಕೆ ಬಿಡುವ ಹೊತ್ತಿಗೆ, ಕೊನೆಯ ಗಾಡಿಯನ್ನು ಕಿಟಕಿಯ ಮುಂದೆ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಕೂಗುವರು:

"ಆಚಾರ್ರ, ಇವತ್ತ ನನ್ನ ಮಿನಿಟ ಎಷ್ಟಾದೂರಿ?"

ಜೊತೆಯವರು ನಗುವರು. ನಾನು ತಲೆ ಎತ್ತುತ್ತಿರಲಿಲ್ಲ. ಮರುದಿನ ಮತ್ತೆ ಅದೇ. ದಿನ ತಪ್ಪಲಿಲ್ಲ, ಮಾತು ಬದಲಾಗಲಿಲ್ಲ. ಊಟದ ಗಂಟೆ ಹತ್ತಿರ ಬಂದರೆ ನನಗೆ ಅಕ್ಷರ ತಪ್ಪತೊಡಗುತ್ತಿತ್ತು. ಕ್ಯಾಪ್ಟನ್‌ಗೆ ಹೇಳಿದರೆ, "ಕಿಟಕಿ ಹಾಕ್ಕೊಳ್ರಿ," ಎಂದ. ಹಾಕಿಕೊಂಡೆ. ಅವರು ಗಾಡಿಯ ಹಿಡಿಯಿಂದ ಕಿಟಕಿಯ ಬಾಗಿಲಿಗೆ ಬಡಿದು ಕೇಳಿದರು.

ತಿಂಗಳು ಎರಡು ಕಳೆದಿರಬೇಕು. ಒಂದು ದಿನ ಸವದತ್ತಿಯ ಕಾರ್ಬನ್ ಪ್ರತಿಯನ್ನು ಜೇಬಿನಲ್ಲಿ ಇಟ್ಟುಕೊಂಡು ಪ್ರೆಸ್ ಮನೆಗೆ ಹೋದೆ. ಬಿಡುವಿನ ಹೊತ್ತು. ಹವಾಲ್ದಾರರು ಒಂದು ಬೇಲಿನ ಮೇಲೆ ಎಡಗಾಲು ಚಾಚಿ ಕೂತಿದ್ದರು. ಹುಬ್ಬಿನ ಮೇಲೆ, ಕಿವಿಯ ಮೇಲೆ ಅರಳೆ. ನಾನು ಹಾಳೆ ತೆಗೆದು ಬಿಚ್ಚಿದೆ. ಅಂಕಿಗಳ ಮೇಲೆ ಬೆರಳಿಟ್ಟು ಹೇಳಿದೆ:

"ಸವದತ್ತಿಯೊಳಗ ನೀವು ಇದ್ದಾಗ ಅವರು ಹದಿನೈದು ಹಾಕಿದ್ರು. ಅದರೊಳಗ ನಿಮ್ಮ ಮುಂದಿನವನದು ಎರಡ ಅವ."

ಅವರು ಹಾಳೆ ಮುಟ್ಟಲಿಲ್ಲ. ಹುಬ್ಬಿನ ಅರಳೆಯನ್ನು ಹೆಬ್ಬೆರಳಿನಿಂದ ಒರೆಸಿಕೊಂಡರು.

"ಗೊತ್ತೈತ್ರಿ. ನಾ ಅಲ್ಲೇ ಇದ್ದೆನಲ್ಲಾ."

ನಾನು ಇನ್ನೂ ನಿಂತೇ ಇದ್ದೆ. ಏನು ಬೇಕಾಗಿತ್ತೋ ನನಗೆ. ಅವರು ಬೇಲಿನ ಮೇಲೆ ಕೈ ಊರಿ ಎದ್ದು, ನನ್ನನ್ನು ದಾಟಿ ನೀರಿನ ಕೊಡದ ಕಡೆ ಹೋದರು.

ಇದರಿಂದ ಮುಗಿಯಿತು ಎಂದು ತಿಳಿದುಕೊಂಡಿದ್ದೆ. ಮರುದಿನ ಊಟದ ಹೊತ್ತಿಗೆ ಗಾಡಿ ಮತ್ತೆ ಕಿಟಕಿಯ ಮುಂದೆ ನಿಂತಿತು. ದನಿ ಮೊದಲಿಗಿಂತ ಜೋರು.

"ಆಚಾರ್ರ, ಇವತ್ತ ನನ್ನ ಮಿನಿಟ ಎಷ್ಟಾದೂರಿ?"

ನಾನು ಕಿಟಕಿ ತೆಗೆದು ಗೋಡೆಯ ಗಡಿಯಾರ ನೋಡಿದೆ. ಅವರ ಪಾಳಿ ಎಂಟಕ್ಕೆ ಸುರುವಾಗುತ್ತಿತ್ತು. ಆಗ ಹನ್ನೆರಡೂವರೆ.

"ಎರಡನೂರಾ ಎಪ್ಪತ್ತರಿ," ಎಂದೆ.

ಜೊತೆಯವರು ನಗಲಿಲ್ಲ. ಅವರೂ ನಗಲಿಲ್ಲ. ಗಾಡಿಯ ಹಿಡಿ ಎತ್ತಿಕೊಂಡರು.

"ಬರಕೊಳ್ರಿ," ಎಂದು ಮುಂದೆ ನೂಕಿದರು.

ಬರೆದುಕೊಂಡೆ. ದಿನಚರಿಯ ಆ ದಿನದ ಪುಟದಲ್ಲಿ ಅದೊಂದೇ ಅಂಕಿ ಇದೆ.